ಊರು ತೋರಿಸಿದ ಕಾಕು

ಗದ್ದಲವಿದ್ದ ಕಡೆ ಕಾಲಿಟ್ಟ ಕೂಡಲೇ ಕಾಕು ಅವರ ಹಿಮ್ಮಡಿಗಳು ನೆಲ ಬಿಡುತ್ತಿದ್ದವು. ಅವರು ಕುಳ್ಳಗಿನ ಹೆಂಗಸು, ನನ್ನ ಭುಜದಷ್ಟು ಎತ್ತರ. ಬಜಾರಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ನಾಲ್ಕು ಜನ ಸೇರಿದ್ದರೂ ತುದಿಗಾಲ ಮೇಲೆ ನಿಂತು, ಗದ್ದ ಎತ್ತಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಅತ್ತ ಇತ್ತ ನೋಡುತ್ತಿದ್ದರು. ಹಾಗೆ ನಿಂತು ನಿಂತು ಅವರ ಚಪ್ಪಲಿ ಮುಂದುಗಡೆ ಮಾತ್ರ ಸವೆದಿರುತ್ತಿತ್ತು. ಕುಳ್ಳಗಿದ್ದವರಿಗೆ ಇದೊಂದು ಅಭ್ಯಾಸವಿರಬೇಕು ಎಂದುಕೊಂಡಿದ್ದೆ.

ಕೇಶ್ವಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಓಣಿಯವರೆಲ್ಲ ಚಿಕ್ಕಮ್ಮ ಎನ್ನುವ ಹಾಗೆ ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕೊಳ್ಳೇಗಾಲದ ಕಡೆಯವಳು. ಸರ್ಕಾರಿ ಕಾಲೇಜಿಗೆ ಉಪನ್ಯಾಸಕಿಯಾಗಿ ಹುಬ್ಬಳ್ಳಿಗೆ ಬಂದಾಗ ಈ ಊರು ನನಗೆ ಪರದೇಶವೇ. ಎರಡೂ ಕಡೆ ಕನ್ನಡವೇ. ಆದರೆ ನಾನು ಆಡಿದ್ದು ಅವರಿಗೆ ನಗು, ಅವರು ಆಡಿದ್ದು ನನಗೆ ಗಾಬರಿ. ಆಟೋದವನು ಹತ್ತಿ ಕೂರಲು "ಹತ್ರಿ, ಹತ್ರಿ" ಎಂದಾಗ ಕಾಲೇಜು ಹತ್ತಿರವೇ ಇದೆ ಎನ್ನುತ್ತಿದ್ದಾನೆಂದು ತಿಳಿದು ಮೊದಲ ದಿನ ನಡೆದೇ ಹೊರಟಿದ್ದೆ. ಮನೆ ಹುಡುಕುವಾಗ ಹೋದಲ್ಲೆಲ್ಲ "ನೀವು ಯಾವ ಪೈಕಿ?" ಎಂದು ಕೇಳಿದರು. ನಾವು ಬೌದ್ಧರು ಎಂದರೆ, ಮನೆ ನಿನ್ನೆಯಷ್ಟೇ ಬೇರೆಯವರಿಗೆ ಆಯಿತಲ್ಲ ಎನ್ನುತ್ತಿದ್ದರು. ಕಾಕು ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಮುಂಜಾನೆ ಲಗೂ ಏಳ್ತೀರೇನ್ರಿ? ನಳಾ ಬಂದಾಗ ಏಳಲಿಲ್ಲಂದ್ರ ವಾರಗಟ್ಲೆ ನೀರಿಲ್ಲ ನೋಡ್ರಿ."

ಏಳುತ್ತೇನೆ ಎಂದೆ. ಕೀಲಿ ಕೊಟ್ಟರು.

ಮುಂದಿನ ಎರಡು ಕೋಣೆ ನನಗೆ, ಹಿಂದಿನ ಭಾಗ ಅವರಿಗೆ. ಅವರ ಪಡಸಾಲೆಯ ಗೋಡೆಯ ಮೇಲೆ ಒಬ್ಬ ಗಂಡಸಿನ ಫೋಟೋ ಇತ್ತು. ಅಗಲವಾದ ಹಣೆ, ದಪ್ಪ ಹುಬ್ಬು. ಫೋಟೋಕ್ಕೆ ಹಾರ ಇರಲಿಲ್ಲ, ಕಾಕು ಹಣೆಯಲ್ಲಿ ಕುಂಕುಮ ಇತ್ತು. ಯಜಮಾನರು ಎಲ್ಲಿ ಎಂದು ಒಮ್ಮೆ ಕೇಳಿದ್ದಕ್ಕೆ "ಹೊರಗ ಹೋಗ್ಯಾರ್ರಿ" ಎಂದರು. ಬೇರೆ ಊರಿನಲ್ಲಿ ಕೆಲಸವಿರಬೇಕು ಎಂದುಕೊಂಡೆ.

ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಭಾನುವಾರ ಮಾತ್ರ ಎದೆಯ ಮೇಲೆ ಕಲ್ಲಿಟ್ಟ ಹಾಗೆ. ಒಂದು ಭಾನುವಾರ ಕಟ್ಟೆಯ ಮೇಲೆ ಕೂತು, ಹತ್ತಿರದಲ್ಲಿ ನೋಡುವಂಥದ್ದು ಏನಿದೆ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಅದು ಮಾಲುಗಳನ್ನು, ಸೀರೆ ಅಂಗಡಿಗಳನ್ನು ತೋರಿಸುತ್ತಿತ್ತು. ಕಾಕು ಹಿಂದಿನಿಂದ ಬಗ್ಗಿ ನೋಡಿದರು.

"ಅದನ್ನೇನ್ ಕೇಳ್ತೀರಿ ಅಕ್ಕೋರ? ಅದೇನು ಹುಬ್ಬಳ್ಳ್ಯಾಗ ಹುಟ್ಟೇತೇನು? ನಡೀರಿ, ನಾ ತೋರಸ್ತೀನಿ ಊರು."

ಪಾಠ ಹೇಳುವ ಹೆಂಗಸರನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನನ್ನ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಆವತ್ತಿನಿಂದ ಪ್ರತಿ ಭಾನುವಾರ ನಮ್ಮ ತಿರುಗಾಟ. ಉಣಕಲ್ ಕೆರೆ, ದುರ್ಗದ ಬೈಲು, ನೃಪತುಂಗ ಬೆಟ್ಟ, ಮಠದ ದಾಸೋಹ. ಒಂದು ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ. ಎಲ್ಲಿ ಗಿರಮಿಟ್ ಚೆನ್ನಾಗಿರುತ್ತದೆ, ಯಾವ ಗಾಡಿಯ ಮಿರ್ಚಿ ತಿಂದರೆ ಹೊಟ್ಟೆ ಉರಿಯುವುದಿಲ್ಲ, ಎಲ್ಲವೂ ಅವರಿಗೆ ಗೊತ್ತು. "ಊರು ಅಂದ್ರ ಗುಡಿ ಗೋಪುರ ಅಲ್ರಿ, ಮಂದಿ. ಮಂದಿ ಮಾರಿ ನೋಡ್ರಿ, ಊರು ತಂತಾನ ತಿಳೀತೈತಿ" ಎನ್ನುತ್ತಿದ್ದರು. ಮಾರಿ ಎಂದರೆ ಇಲ್ಲಿ ಮುಖ. ಆ ಮಾತು ನನಗೆ ಬಹಳ ಹಿಡಿಸಿತ್ತು.

ಆದರೆ ಒಂದು ವಿಚಿತ್ರ ನಿಧಾನವಾಗಿ ಕಣ್ಣಿಗೆ ಬೀಳತೊಡಗಿತು. ಕೆರೆಗೆ ಹೋದರೆ ಕಾಕು ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಗೇಟಿನ ಕಡೆ ಮುಖ. ಬೆಟ್ಟಕ್ಕೆ ಹೋದರೆ ಮೇಲಿನಿಂದ ಊರು ನೋಡುವುದು ಬಿಟ್ಟು ಹತ್ತಿ ಬರುವವರನ್ನು ನೋಡುತ್ತ ದಾರಿಯ ಪಕ್ಕದಲ್ಲೇ ಕೂರುವರು. ದಾಸೋಹದಲ್ಲಿ ಊಟಕ್ಕೆ ಕೂತವರ ಒಂದೊಂದು ಪಂಕ್ತಿಯ ಮುಂದೆಯೂ ನಿಧಾನವಾಗಿ ಹಾದುಹೋಗಿ, ಕೊನೆಗೆ ತಾವು ಕೂರುವರು. ಸಿನಿಮಾಕ್ಕೆ ಹೋಗೋಣ ಎಂದು ನಾನೇ ಕರೆದಾಗ ಬೇಡವೆಂದರು. "ಆ ಕತ್ತಲದಾಗ ಯಾರ ಮಾರಿ ಕಾಣತೈತ್ರಿ?"

ಒಂದು ಭಾನುವಾರ ರೈಲ್ವೆ ಸ್ಟೇಷನ್ನಿಗೆ ಹೋದೆವು. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮು ನಮ್ಮದು ಎಂದು ಕಾಕು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಒಂದು ಗಾಡಿ ಬಂದು ನಿಂತು ಜನ ಇಳಿಯುತ್ತಿದ್ದರು. ನನ್ನ ಕೈ ಹಿಡಿದು ನಿಂತಿದ್ದ ಕಾಕು ತಟ್ಟನೆ ಕೈ ಬಿಟ್ಟರು. ಆ ವಯಸ್ಸಿನವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ. ದೂರದಲ್ಲಿ ಬಿಳಿ ಅಂಗಿ, ಧೋತರದ ಮುದುಕರೊಬ್ಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆದು ಹೋಗುತ್ತಿದ್ದರು.

"ರೀ... ರೀ... ನಿಂದರ್ರಿ..."

ಹತ್ತಿರ ಹೋಗಿ ತೋಳು ಹಿಡಿದರು. ಮುದುಕರು ತಿರುಗಿದರು. ದಪ್ಪ ಕನ್ನಡಕ, ಚೂಪು ಮುಖ. ಗೋಡೆಯ ಮೇಲಿನ ಮುಖವಲ್ಲ.

"ತಪ್ಪಾತ್ರಿ ಅಣ್ಣಾರ" ಎಂದರು ಕಾಕು.

"ಇರಲಿ ಬಿಡವಾ" ಎಂದು ಅವರು ಮುಂದೆ ನಡೆದರು.

ನಾನು ಕಾಕುವನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಗಾಡಿ ಹೊರಟುಹೋಗಿ ಪ್ಲಾಟ್‌ಫಾರ್ಮು ಖಾಲಿಯಾದ ಮೇಲೆ ಅವರು ಮಾತಾಡಿದರು, ನನ್ನ ಮುಖ ನೋಡದೆ.

"ಸಣ್ಣ ಸಣ್ಣವು ಮರೀತಿದ್ರು. ಚಾ ಕುಡದದ್ದು, ಕೀಲಿ ಇಟ್ಟದ್ದು. ಮಂದಿಗೆಲ್ಲಾ ಆಗ್ತೈತಿ ಅಂತ ನಾನೂ ಬಿಟ್ಟಿದ್ದೆ. ಒಂದಿನ ಮುಂಜಾನೆ ಕಟಿಂಗ್ ಮಾಡಿಸ್ಕೊಂಡು ಬರ್ತೀನಿ ಅಂದ್ರು. ಬಂದು ಜಳಕಾ ಮಾಡ್ತಾರಂತ ನಾ ನೀರು ಕಾಯಾಕ ಇಟ್ಟೆ. ನೀರು ಕುದ್ದು ಕುದ್ದು ತಳಾ ಮುಟ್ಟಿತ್ರಿ. ಕಟಿಂಗ್ ಅಂಗಡ್ಯಾವ ಬಂದೇ ಇಲ್ಲ ಅಂದ."

ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಮತ್ತೆ ಹೇಳಿದರು. "ಈಗ ಗಡ್ಡ ಎಷ್ಟುದ್ದ ಬೆಳದೈತೋ. ಇಲ್ಲಾ ಯಾರರೆ ಬೋಳಿಸ್ಯಾರೋ. ಅದಕ್ಕ ಗಡ್ಡ ಇದ್ದ ಮಾರೀನೂ ನೋಡಬೇಕು, ಇಲ್ಲದ ಮಾರೀನೂ ನೋಡಬೇಕು."

ಅದು ನಡೆದು ಎಷ್ಟೋ ವರ್ಷಗಳಾಗಿದ್ದವು. ಪೊಲೀಸರು ಹುಡುಕಿದರು, ಬಂಧುಗಳು ಹುಡುಕಿದರು, ಒಬ್ಬೊಬ್ಬರಾಗಿ ಬಿಟ್ಟರು. ಕಾಕು ಒಬ್ಬರೇ ತಿರುಗತೊಡಗಿದಾಗ ಓಣಿಯವರು ತಲೆ ಕೆಟ್ಟಿದೆ ಎಂದರಂತೆ.

"ಅಂದ್ರೆ ನನಗೆ ಊರು ತೋರಿಸಿದ್ದು..." ಎಂದು ನಿಲ್ಲಿಸಿದೆ.

"ನಿಮ್ಮ ಸಂಗಾಟ ಹೊಂಟ್ರ ಯಾರೂ ಏನೂ ಅನ್ನೂದಿಲ್ರಿ. ಹೊಸಬ್ರಿಗೆ ಊರು ತೋರಸಾಕತ್ತಾಳ ಅಂತಾರ." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು. "ಸಿಟ್ಟು ಬಂತೇನ್ರಿ?"

ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು. ಇಷ್ಟು ದಿನ ನಾವು ಕೂತು ರೊಟ್ಟಿ ತಿಂದ ಜಾಗಗಳೆಲ್ಲ ಒಮ್ಮೆಲೇ ಬೇರೆಯಾಗಿ ಕಂಡವು. ಎಲ್ಲ ಕಡೆಯೂ ನಮ್ಮ ಜೊತೆ ಮೂರನೆಯವರೊಬ್ಬರು ಇದ್ದರು, ನನಗೆ ಮಾತ್ರ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಕಾಕು ಚೀಲ ಹಿಡಿದು ಹೊರಗೆ ಬರಲಿಲ್ಲ. ನಾನೇ ಹೋಗಿ ಬಾಗಿಲು ತಟ್ಟಿದೆ. ಗೋಡೆಯ ಮೇಲಿನ ಫೋಟೋ ಇಳಿಸಿಕೊಡಿ, ಸರಿಯಾಗಿ ನೋಡಬೇಕು ಎಂದೆ. ಅವರು ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಆವತ್ತು ಬಜಾರಿಗೆ ಹೋದಾಗ ಹೇಳಿದರು: "ನಿಮ್ಮ ಕಣ್ಣು ಚುರುಕದಾವ. ನೀವು ಎಡಕ್ಕ ನೋಡ್ರಿ, ನಾ ಬಲಕ್ಕ ನೋಡ್ತೀನಿ."

ಹಾಗೆ ನೋಡುತ್ತ ನೋಡುತ್ತ ನನಗೆ ಹುಬ್ಬಳ್ಳಿ ಪರಿಚಯವಾಯಿತು. ಧಾರವಾಡದ ಬಸ್ಸಿನಲ್ಲಿ ನಿದ್ದೆ ಹೋದವರು, ಉಳ್ಳಾಗಡ್ಡಿ ಗೋಣಿಗೆ ಒರಗಿ ಬೀಡಿ ಸೇದುವವರು, ಗುಡಿಯ ಕಟ್ಟೆಯ ಮೇಲೆ ತಮ್ಮಷ್ಟಕ್ಕೆ ತಾವು ಮಾತಾಡುವವರು. ಇಷ್ಟೊಂದು ಮುದುಕರು ಇಷ್ಟೊಂದು ಒಂಟಿಯಾಗಿ ಒಂದು ಊರಿನಲ್ಲಿ ಓಡಾಡುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ.

ಕಾಕುವಿಗೆ ಮಕ್ಕಳಿರಲಿಲ್ಲ. ಗಂಡನ ಊರು ಧಾರವಾಡದ ಹತ್ತಿರದ ಹೆಬ್ಬಳ್ಳಿ. ಅಲ್ಲಿ ಮೈದುನ ಹೊಲ ಮಾಡಿಕೊಂಡಿದ್ದರು. ಒಮ್ಮೆ ಅವರು ಮಗಳ ಮದುವೆಗೆ ಕರೆಯಲು ಬಂದರು. ಚಹಾ ಕುಡಿದು ಬಹಳ ಹೊತ್ತು ಬಟ್ಟಲನ್ನೇ ನೋಡುತ್ತಿದ್ದು, ಕಡೆಗೆ ಬಾಯಿ ಬಿಟ್ಟರು.

"ವೈನಿ, ಸಿಟ್ಟಾಗಬ್ಯಾಡ್ರಿ. ಶುಭಕಾರ್ಯ ಐತಿ. ನಿಮ್ಮನ್ನ ಮುತ್ತೈದಿ ಅಂತ ಮುಂದ ಕರೀಬೇಕೋ, ಏನೋ, ಮಂದಿ ಕೇಳಾಕತ್ತಾರ. ಅಣ್ಣಂದು ಮಾಡೂದು ಮಾಡಿ ಮುಗಿಸಿಬಿಟ್ರ ಛಲೋ ಅಂತ ಹಿರ್ಯಾರೂ ಅಂತಾರ."

ಕಾಕು ದನಿ ಏರಿಸಲಿಲ್ಲ. "ಸತ್ತಾರಂತ ನಿಮಗ ಯಾರು ಹೇಳಿದ್ರು?"

ಮೈದುನ ಬಟ್ಟಲನ್ನು ಕೆಳಗಿಟ್ಟರು.

"ಬದುಕ್ಯಾರಂತ ನನಗೂ ಯಾರೂ ಹೇಳಿಲ್ಲಪಾ. ಯಾರರೆ ಖರೇ ಹೇಳೂತನಾ ನಾ ಹಿಂಗ ಇರ್ತೀನಿ. ನಿಮಗ ತ್ರಾಸ ಆಗೂದು ಬ್ಯಾಡ, ನಾ ಮುಂದ ಬರೂದಿಲ್ಲ."

ಮದುವೆಗೆ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಅಕ್ಷತೆ ಹಾಕುವ ಹೊತ್ತಿಗೆ ಒಳಗೆ ಬರಲಿಲ್ಲ. ಪೆಂಡಾಲಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಬರುವ ಬೀಗರ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದರು. ಸ್ವಾಗತಕ್ಕೆ ಕೂತಿದ್ದಾರೆಂದು ತಿಳಿದು ಎಲ್ಲರೂ ಅವರಿಗೆ ಕೈ ಮುಗಿದು ಒಳಗೆ ಹೋಗುತ್ತಿದ್ದರು.

ಆ ವರ್ಷ ಮಳೆಗಾಲದ ಕೊನೆಗೆ ಬೆಳಗಾವಿಯ ಆಚೆಯಿಂದ ಒಂದು ಫೋನ್ ಬಂತು. ನಿರ್ಗತಿಕರನ್ನು ನೋಡಿಕೊಳ್ಳುವ ಆಶ್ರಮ; ಪೊಲೀಸರಿಂದ ಕಾಕು ನಂಬರು ಸಿಕ್ಕಿತ್ತಂತೆ. ಒಬ್ಬ ಮುದುಕರಿದ್ದಾರೆ, ಹೆಸರು ಹೇಳುವುದಿಲ್ಲ, ಹುಬ್ಬಳ್ಳಿ ಎಂದು ಮಾತ್ರ ಆಗಾಗ ಅನ್ನುತ್ತಾರೆ, ಬಂದು ನೋಡಿ ಎಂದರು. ಬಸ್ಸಿನಲ್ಲಿ ಕಾಕು ಕಿಟಕಿಯ ಪಕ್ಕ ಕೂತರು. ಮಡಿಲಲ್ಲಿ ಹೊಸ ಟವೆಲ್ಲು, ಒಗೆದು ಮಡಿಸಿದ ಅಂಗಿ.

ಮುದುಕರು ಬಿಸಿಲಿಗೆ ಗೋಡೆಗೊರಗಿ ಕೂತಿದ್ದರು. ಹಣೆ ಅಗಲವೇ, ಹುಬ್ಬು ದಪ್ಪವೇ. ಗಡ್ಡ ಎದೆಯವರೆಗೆ ಇಳಿದಿತ್ತು. ಕಾಕು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಬಹಳ ಹೊತ್ತು ನೋಡಿದರು. ಮುದುಕರು ಕಣ್ಣೆತ್ತಿ ಅವರನ್ನು ಕಂಡು, ಅರ್ಧ ಗಂಟೆಯ ಹಿಂದೆ ಅಂಗಡಿಗೆ ಕಳಿಸಿದವರನ್ನು ಕೇಳುವಂತೆ ಕೇಳಿದರು.

"ಬಂದ್ಯಾ? ಎಷ್ಟೊತ್ತು ಮಾಡಿದಿ?"

"ಹೂಂ ರೀ" ಎಂದರು ಕಾಕು. "ತಡಾ ಆತು."

ಚೀಲದಿಂದ ರೊಟ್ಟಿ ತೆಗೆದು, ಹಾಲಿನಲ್ಲಿ ನೆನೆಸಿ ತಾವೇ ತಿನ್ನಿಸಿದರು. ಬಾಯಿ ಒರೆಸಿದರು. ತಂದ ಅಂಗಿಯನ್ನು ತೊಡಿಸಿ ಗುಂಡಿ ಹಾಕಿದರು. ಸಿಕ್ಕಿಬಿಟ್ಟರು ಎಂದೇ ನಾನು ನಂಬಿ, ಕಣ್ಣೀರು ತಡೆಯಲಾರದೆ ಪಕ್ಕಕ್ಕೆ ಹೋಗಿ ನಿಂತಿದ್ದೆ. ಕಾಕು ಎದ್ದು ಬಂದರು, ಗೇಟು ದಾಟಿದರು, ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ನಿಂತರು.

"ಅವರಲ್ಲ."

ನಾನು ಗೇಟಿನ ಕಡೆ ತಿರುಗಿ ನೋಡಿದೆ.

"ಇವ್ರ ಮನ್ಯಾಕಿ ಪಾಪ, ಎಲ್ಲಿ ಹುಡಕಾಕತ್ತಾಳೋ" ಎಂದರು.

ಆ ಪ್ರಯಾಣದಿಂದ ಅವರು ಪೂರ್ತಿ ತಿರುಗಿ ಬರಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೋಗುವಾಗ ಬರುವಾಗ ಫೋಟೋದ ಮುಂದೆ ನಿಲ್ಲುವರು. ಒಂದು ಸಂಜೆ ನನ್ನನ್ನು ಕರೆದು, ಯಾರಾದರೂ ಕೇಳಿಯಾರು ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು. "ಅಕ್ಕೋರ, ಆ ಮುದುಕರನ್ನ ನೋಡಿದಾಗಿಂದ ನಮ್ಮವ್ರ ಮಾರಿ ಕಣ್ಣಮುಂದ ನಿಲ್ಲವಲ್ದು. ಫೋಟೋದಾಗ ಇದ್ದದ್ದು ಫೋಟೋದಷ್ಟ ಕಾಣತೈತಿ. ನಕ್ಕದ್ದು, ಸಿಟ್ಟಾದದ್ದು, ಯಾವುದೂ ಬರವಲ್ದು. ಎದುರಿಗೆ ಬಂದು ನಿಂತ್ರೂ ನಾ ಗುರುತು ಹಿಡೀಲಿಲ್ಲಂದ್ರ?"

ನಾನು ಹಿಡಿಯುತ್ತೇನೆ ಕಾಕು ಎಂದೆ. ಒಮ್ಮೆಯೂ ಕಾಣದ ಮನುಷ್ಯನ ವಿಷಯದಲ್ಲಿ ಅಂಥ ಮಾತು ಹೇಗೆ ಬಾಯಿಗೆ ಬಂತೋ. ಅವರು ಮಾತ್ರ ಅದನ್ನು ನಂಬಿದರು. ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಚಳಿಗಾಲದಲ್ಲಿ ಕಾಕುವಿಗೆ ಎದೆನೋವು ಬಂತು. ಸತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯೂ ತಲೆದಿಂಬನ್ನು ಬಾಗಿಲ ಕಡೆ ಮುಖವಾಗುವಂತೆ ಹಾಕಿಸಿಕೊಂಡರು. ಡಾಕ್ಟರು ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ಬೆಳಿಗ್ಗೆ ಎದ್ದು ಮುಖ ತೊಳೆದು, ನನ್ನ ಕೈಯಿಂದ ಕನ್ನಡಿ ಇಸಿದುಕೊಂಡು, ಕುಂಕುಮ ಹಚ್ಚಿಕೊಂಡರು. ಚಹಾ ತರಲು ನಾನು ಕೆಳಗಿಳಿದೆ. ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ಕಣ್ಣು ತೆರೆದೇ ಇದ್ದವು.

ಹೆಬ್ಬಳ್ಳಿಯ ಹೊಲದಲ್ಲಿ ಮಣ್ಣು ಮಾಡುವುದೆಂದಾಯಿತು. ಸ್ನಾನ ಮಾಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿದರು. ಅಲ್ಲಿಗೆ ಎಲ್ಲರ ಕೈ ನಿಂತಿತು. ಮೈದುನನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಗಂಡನ ಕಡೆ ನೋಡಿದರು. ಅವರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ನೋಡಿದರು. ಮುತ್ತೈದೆಯಾಗಿ ಕಳಿಸಬೇಕೋ ಬೇಡವೋ, ಯಾರಿಗೂ ತಿಳಿಯದು. ಹೊರಗೆ ಭಜನೆಯೂ ನಿಂತಿತು. ಕಡೆಗೆ ಆ ಹೆಂಗಸು ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವು ಸಂಗಾಟ ಇದ್ದವ್ರು. ನೀವ ಹೇಳ್ರಿ."

"ಇವತ್ತು ಬೆಳಿಗ್ಗೆ ಅವರೇ ಹಚ್ಚಿಕೊಂಡಿದ್ದರು" ಎಂದೆ.

"ಹಂಗಾದ್ರ ನೀವ ಹಚ್ಚ್ರಿ" ಎಂದು ಬಟ್ಟಲು ಮುಂದೆ ಮಾಡಿದರು.

ನಾನು ಅವರ ಪೈಕಿಯವಳಲ್ಲ, ಮದುವೆಯಾದವಳೂ ಅಲ್ಲ. ಯಾರೂ ಬೇಡ ಎನ್ನಲಿಲ್ಲ. ಹಚ್ಚಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಹೇಳಬಲ್ಲವರು ಒಬ್ಬರೇ, ಅವರು ಎಲ್ಲಿದ್ದಾರೋ.

ಆಮೇಲೆ ನನಗೆ ನಮ್ಮೂರ ಕಡೆಗೆ ವರ್ಗ ಕೇಳುವ ಅವಕಾಶ ಬಂತು. ಕೇಳಲಿಲ್ಲ. ಮನೆಯವರಿಗೆ, ಇಲ್ಲಿಯೇ ಒಗ್ಗಿಹೋಗಿದೆ ಎಂದೆ. ಅದೂ ಸುಳ್ಳಲ್ಲ. ಒಂದು ಊರನ್ನು ಅಷ್ಟು ಗಮನವಿಟ್ಟು ನೋಡಲು ನನಗೆ ಕಲಿಸಿದವರು ಇನ್ನೊಬ್ಬರಿಲ್ಲ; ಆ ಋಣ ಹೇಗೆ ತೀರಿಸುವುದೋ ತಿಳಿಯದು. ಭಾನುವಾರ ಬಂತೆಂದರೆ ಈಗಲೂ ಹೊರಡುತ್ತೇನೆ. ಮೊದಲು, ಸಿಗಲಿ ಎಂದು ನೋಡುತ್ತಿದ್ದೆ. ಈಗ ಎದುರಿನಿಂದ ಅಗಲ ಹಣೆಯ ಮುದುಕರು ಯಾರು ಬಂದರೂ, ಇವರು ಅವರಾಗಿರದಿರಲಿ ಎಂದು ಬೇಡಿಕೊಳ್ಳುತ್ತ ನೋಡುತ್ತೇನೆ. ಆಗಿದ್ದರೆ ಅವರು ಕೇಳುವುದು ಒಂದೇ ಮಾತು, ಮನೆಯಾಕೆ ಎಲ್ಲಿ ಎಂದು. ಅದಕ್ಕೆ ಉತ್ತರ ಹೇಳಬೇಕಾದವಳು ನಾನೊಬ್ಬಳೇ.