ಟೈಲರಣ್ಣ ನನ್ನಿಂದ ಹೇಳಿಸಿದ ಮಾತು

ಮೊನ್ನೆ ಮಾನಂದವಾಡಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಯಾರೋ ತೆಂಗಿನ ಚಿಪ್ಪಿನ ಕೆಂಡ ತುಂಬಿದ ಇಸ್ತ್ರಿಪೆಟ್ಟಿಯನ್ನು ಒದ್ದೆ ಬಟ್ಟೆಯ ಮೇಲೆ ಎಳೆಯುತ್ತಿದ್ದರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಿಂತುಬಿಟ್ಟೆ. ಕಬಿನಿ ದಂಡೆಯ ನಮ್ಮ ಪೆರಿಕಲ್ಲೂರಿನ ಟೈಲರಣ್ಣನ ಅಂಗಡಿಯಲ್ಲಿ ಇದೇ ವಾಸನೆ ಇರುತ್ತಿತ್ತು... ಅವರ ಹೆಸರನ್ನು ಮಾತ್ರ ಕೇಳಬೇಡಿ, ಹೇಳುವಂತಿಲ್ಲ.

ಆಗ ನಾನು ಬೆಳಗಾದರೆ ಕುಡಿಯುತ್ತಿದ್ದೆ. ಕೇರಳದಲ್ಲಿ ತಿಂಗಳ ಒಂದನೇ ತಾರೀಕು ಮದ್ಯದಂಗಡಿ ಮುಚ್ಚಿರುತ್ತದೆ. ನಮಗೇನು ಚಿಂತೆ? ಕಬಿನಿ ದಾಟಿದರೆ ಕರ್ನಾಟಕ! ದೋಣಿಯಲ್ಲಿ ಕೂತು ಹೋಗುತ್ತಿದ್ದೆ, ದೋಣಿಯಲ್ಲಿ ಮಲಗಿ ಬರುತ್ತಿದ್ದೆ. ಶುಂಠಿ ವ್ಯಾಪಾರ ನೆಲ ಕಚ್ಚಿತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು, ನನ್ನವ್ವ, ಅವ್ವನ ಬೈಗುಳ.

ಒಂದು ದಿನ ದೋಣಿ ಇಳಿಯುವಾಗ ಕೆಸರಿಗೆ ಬಿದ್ದೆ. ನೋಡಿದವರು ನಕ್ಕರು. ಟೈಲರಣ್ಣ ಬಂದು ಎತ್ತಿದರು, ಅಂಗಡಿಗೆ ಕರೆದೊಯ್ದು ಮೈ ತೊಳೆಸಿ, ಯಾರದೋ ಹೊಸ ಅಂಗಿ ಹಾಕಿಸಿದರು.

“ಆದಿತ್ಯವಾರ ನನ್ ಜೊತೆ ಬಾ. ನಾನೂ ಹಿಂಗೇ ಬಿದ್ದಿದ್ದವ್ನೇ ಕಣ್ಲಾ.”

ಕರೆದುಕೊಂಡು ಹೋದದ್ದು ಮಾನಂದವಾಡಿಗೆ, ಒಂದು ಲೈಬ್ರರಿಯ ಮಹಡಿಗೆ. ಪ್ಲಾಸ್ಟಿಕ್ ಕುರ್ಚಿಗಳು, ಹಾಲಿಲ್ಲದ ಕಾಪಿ, ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು. ಒಬ್ಬೊಬ್ಬರೇ ಎದ್ದು ತಮ್ಮ ಕತೆ ಹೇಳಬೇಕು. ಅಲ್ಲಿ ಯಾರಿದ್ದರು, ಏನು ಹೇಳಿದರು ಎಂಬುದು ಮೆಟ್ಟಿಲು ಇಳಿಯಬಾರದು. ಅದೊಂದೇ ಕಟ್ಟುನಿಟ್ಟು. ಎಲ್ಲವೂ ಮಲಯಾಳದಲ್ಲಿ. ನನ್ನ ಸರದಿ ಬಂದಾಗ “ಞಾನ್ ಒರು ಮದ್ಯಪಾನಿಯಾಣ್” ಎಂದೆ, ನಾನೊಬ್ಬ ಮದ್ಯಪಾನಿ ಎಂದು. ಚಪ್ಪಾಳೆ ಬಿತ್ತು. ಮಾರನೆಯ ದಿನ ಮತ್ತೆ ಕುಡಿದೆ.

ಟೈಲರಣ್ಣನಿಗೆ ಸಿಟ್ಟು ಬಂತು. “ಪಂಚಾಯ್ತಿ ಆಪೀಸಲ್ಲಿ ಮನೆ ನಂಬ್ರ ಹೇಳ್ದಂಗೆ ಹೇಳ್ದಲ್ಲೋ! ಮಲಯಾಳದಲ್ಲಿ ಹೇಳಿದ್ರೆ ನಿಂಗೆಲ್ಲಿ ಸುಡ್ತದೆ? ನಿಮ್ಮವ್ವ ನಿನ್ನ ಏನಂತ ಕರೀತಾಳೆ? ಅದ್ನ ಹೇಳು.”

ಹೌದಲ್ಲ! ಮನೆಯಲ್ಲಿ ನಾವು ಆಡುವುದು ಕನ್ನಡ. ಶಾಲೆಯಲ್ಲಿ, ಕಚೇರಿಯಲ್ಲಿ ಆಡುವ ಭಾಷೆ ನನ್ನ ಬಾಯಲ್ಲಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಮುಂದಿನ ಆದಿತ್ಯವಾರ ಎದ್ದು ನಿಂತೆ. ಹೇಗೋ “ನಾನು ಕುಡುಕ” ಎಂದೆ.

ಕೋಣೆಯೆಲ್ಲ ಗೊಳ್ಳೆಂದಿತು! ಮಲಯಾಳದಲ್ಲಿ ‘ಕುಡುಕ್ಕ’ ಎಂದರೆ ಮಕ್ಕಳು ಚಿಲ್ಲರೆ ಕೂಡಿಡುವ ಸಣ್ಣ ಬಾಯಿಯ ಮಡಕೆ. ನನಗೆ ಮಾತ್ರ ಅವ್ವ ಹೊಸಿಲ ಮೇಲೆ ಕೂತು ಅದೇ ಮಾತು ಹೇಳಿ ಹಣೆ ಚಚ್ಚಿಕೊಳ್ಳುತ್ತಿದ್ದುದು ಕಣ್ಣಿಗೆ ಬಂದು ಅಳು ಒತ್ತರಿಸಿತು. ಅತ್ತೆ, ನಾಚಿಕೆ ಬಿಟ್ಟು ಅತ್ತೆ. ನಗು ನಿಂತಿತು. ವಾಪಸು ಬಸ್ಸಿನಲ್ಲಿ ಟೈಲರಣ್ಣ ಅಂದರು:

“ಅವ್ರು ಸರಿಯಾಗೇ ಕೇಳಿಸ್ಕೊಂಡ್ರು ಬಿಡು. ಮಡಕೆ ಒಡೀದೆ ಒಳಗಿಂದು ಹೊರಗೆ ಬರಾಕಿಲ್ಲ.”

ಆಮೇಲೂ ಒಂದೆರಡು ಸಲ ಜಾರಿದೆ. ಜಾರಿದಾಗಲೆಲ್ಲ ಬೈದು ಬಸ್ಸು ಹತ್ತಿಸಿದವರು ಅವರೇ. ಕಡೆಗೊಮ್ಮೆ ಕಾಲು ಗಟ್ಟಿಯಾಯಿತು, ಹೆಂಡತಿ ಮಕ್ಕಳು ಮನೆಗೆ ಬಂದರು.

ಅಷ್ಟರಲ್ಲಿ ಟೈಲರಣ್ಣನ ಹೆಂಡತಿ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೂ ಅಂಗಡಿಯ ಬಾಗಿಲು ತೆರೆಯಲಿಲ್ಲ. ಒಂದು ದಿನ ಅವರು ದೋಣಿ ಹತ್ತುವುದನ್ನು ಕಂಡವರು ಬಂದು ಹೇಳಿದರು... ನಾನು ಓಡಿದೆ. ಅಷ್ಟರಲ್ಲಿ ಅವರು ಆಚೆ ದಡದಲ್ಲಿ ಕುಡಿದಾಗಿತ್ತು. ಪ್ರತಿ ಆದಿತ್ಯವಾರವೂ ಅವರ ಬಾಗಿಲಿಗೆ ಹೋಗಿ ಕರೆದೆ, ಕೈ ಹಿಡಿದು ಎಳೆದೆ.

“ನೀ ಹೋಗಪ್ಪ. ಅಷ್ಟು ಜನಕ್ಕೆ ಬುದ್ಧಿ ಹೇಳ್ದವ್ನು ಈಗ ಯಾವ ಮುಖ ಹೊತ್ಕಂಡು ಮೆಟ್ಲು ಹತ್ಲಿ?”

ಜಾರಿದವರಿಗೆಂದೇ ಇರುವ ಮೆಟ್ಟಿಲು ಅದು ಎಂದು ನನಗೆ ಕಲಿಸಿದವರೇ ಅವರು. ಆದರೂ ಹತ್ತಲಿಲ್ಲ. ಮೊದಲೇ ಸೋತಿದ್ದ ಲಿವರ್ ಕೈಕೊಟ್ಟಿತು, ಆ ಮಳೆಗಾಲ ದಾಟಲಿಲ್ಲ.

ಮಣ್ಣಿಗೆ ಮಾನಂದವಾಡಿಯಿಂದ ಆ ಮಹಡಿಯ ನಮ್ಮವರೆಲ್ಲ ಬಂದರು. ಬಂದು ಬೇಲಿಯ ಪಕ್ಕ ಸಾಲಾಗಿ ನಿಂತರು. ಗಂಡನ ಮನೆಯಿಂದ ಬಂದಿದ್ದ ಮಗಳು “ನೀವೆಲ್ಲ ಯಾರು?” ಎಂದಳು. ಅಪ್ಪ ಹೀಗೊಂದು ಕಡೆ ಹೋಗುತ್ತಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ. “ಬಟ್ಟೆ ಹೊಲಿಸ್ತಿದ್ವಿ” ಎಂದರು ಒಬ್ಬರು, ತಲೆ ತಗ್ಗಿಸಿ. ಹಿಂದಿನಿಂದ ಊರವನೊಬ್ಬ “ಕುಡಿದು ಸತ್ತೋನಿಗೆ ಎಷ್ಟು ಜನ ನೋಡು!” ಎಂದ.

ನನ್ನ ಮೈ ಉರಿದುಹೋಯಿತು. ಟೈಲರಣ್ಣನ ಗುಟ್ಟನ್ನು ಬಿಡುವಂತಿರಲಿಲ್ಲ. ಆದರೆ ನನ್ನ ಗುಟ್ಟು ನನ್ನದಲ್ಲವೇ? ಅಂಗಳದ ನಡುವೆ ನಿಂತು, ಇಡೀ ಊರಿಗೆ ಕೇಳುವಂತೆ ಹೇಳಿದೆ:

“ನಾನು ಕುಡುಕ ಕಣವ್ವಾ. ನಾನಿವತ್ತು ಉಸಿರಾಡ್ತಿದ್ರೆ ನಿಮ್ಮಪ್ಪನಿಂದ.”

ಬೇಲಿಯ ಪಕ್ಕದಿಂದ ಒಬ್ಬರು “ಞಾನುಂ” ಎಂದರು. ನಾನೂ ಎಂದು. ಅವರ ಪಕ್ಕದವರು “ಞಾನುಂ” ಎಂದರು. ಸಾಲಿನ ಕೊನೆಯವರೆಗೂ ಅದೇ ಮಾತು ಹೋಯಿತು.

ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಮಾಧಾನ ಆಗಬಹುದು ಅಂದುಕೊಂಡಿದ್ದೆ.

“ಇಷ್ಟೊಂದ್ ಜನ ಇದ್ರಲ್ಲಣ್ಣ... ಒಬ್ರಿಗೂ ಅಪ್ಪನ್ನ ಎತ್ತಕಾಗ್ಲಿಲ್ವಾ?” ಎಂದಳು.

ನಾವು ಒಬ್ಬೊಬ್ಬರಾಗಿ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅವಳ ಮಾತು ಇವತ್ತಿಗೂ ನನ್ನ ಜೊತೆಗಿದೆ. ಆದಿತ್ಯವಾರ ತಪ್ಪದೆ ಆ ಮಹಡಿಗೆ ಹೋಗುತ್ತೇನೆ. ಹೋಗದಿದ್ದರೆ ನಾನು ಉಳಿಯುವುದಿಲ್ಲ, ಗೊತ್ತು. ಹೋದರೂ ಟೈಲರಣ್ಣ ಅಲ್ಲಿ ಇರುವುದಿಲ್ಲ, ಅದೂ ಗೊತ್ತು.