ಓನರಮ್ಮನಿಗೂ ಗೊತ್ತಿತ್ತು

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರಮ್ಮನ ಬಾಯಿಗೆ ಹೆದರದವರಿರಲಿಲ್ಲ. ನಲ್ಲಿಯಲ್ಲಿ ಒಂದು ಕೊಡ ಹೆಚ್ಚು ಹಿಡಿದರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಸಂಜೆ ಅಮ್ಮನ ತಲೆಗೆ ಹರಳೆಣ್ಣೆ ತಟ್ಟುತ್ತಾ ನಾನು ಅವರದೇ ದನಿಯಲ್ಲಿ ಬೈಯುತ್ತಿದ್ದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಹಿಂದಿನ ವರ್ಷ ಅಮ್ಮನ ಎದೆಯಿಂದ ಗಡ್ಡೆಯೊಂದನ್ನು ತೆಗೆಸಿದ್ದೆವು. "ಮಾಮೂಲಿ ಗಡ್ಡೆ, ಪೂರ್ತಿ ತೆಗೆದಿದಾರೆ" ಎಂದಿದ್ದರು ಅಪ್ಪ. ಆಮೇಲೆ ತಲೆನೋವು ಶುರುವಾದಾಗ, "ಪಿತ್ತ ಕಣಮ್ಮ, ಎಣ್ಣೆ ಹಚ್ಚು" ಎಂದರು. ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು ಅದನ್ನೂ ನಂಬಿದೆ. ಮನೆಯವರನ್ನು ನಂಬದೆ ಇನ್ಯಾರನ್ನು ನಂಬಲಿ?

ಆ ದಿನಗಳಲ್ಲೇ ಓನರಮ್ಮ ಇದ್ದಕ್ಕಿದ್ದಂತೆ ಮೆತ್ತಗಾದರು. ನೀರು ಎಷ್ಟು ಹಿಡಿದರೂ ಸುಮ್ಮನಿರುತ್ತಿದ್ದರು.

"ಅವ್ರು ಹಿಂಗಾದ್ರೆ ನಾನು ಯಾರನ್ನ ಅಣಕಿಸ್ಲಿ?" ಎಂದು ಗೊಣಗಿದೆ.

"ಹಳೇದೇ ಮಾಡು ಕಣೇ" ಎಂದಳು ಅಮ್ಮ.

ಅವರೆಕಾಯಿ ಕಾಲ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಮೊರ ಮುಂದಿಟ್ಟುಕೊಂಡು ಕಾಯಿ ಬಿಡಿಸುತ್ತಿದ್ದೆವು. ಅಮ್ಮನ ಬಲಗೈಯಿಂದ ಕಾಯಿ ಜಾರಿತು. ಏನೋ ಹೇಳಲು ಹೋದಳು, ನಾಲಿಗೆ ತೊದಲಿತು. ವಾಂತಿ ಮಾಡಿಕೊಂಡು ನನ್ನ ತೊಡೆಯ ಮೇಲೆ ಒರಗಿದವಳು ಮತ್ತೆ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದ ಡಾಕ್ಟರು ಅಪ್ಪನಿಗೆ ಹೇಳಿದರು: "ತಲೆನೋವು ಅಂತ ಕರ್ಕೊಂಡು ಬಂದಾಗ್ಲೇ ಹೇಳಿದ್ನಲ್ಲ, ಎದೆ ಕ್ಯಾನ್ಸರ್ ಮೆದುಳಿಗೂ ಹರಡಿದೆ ಅಂತ. ಈಗ ಅಲ್ಲೇ ರಕ್ತಸ್ರಾವ ಆಗಿದೆ."

ಅಪ್ಪ ತಲೆ ತಗ್ಗಿಸಿದರು. ಅಣ್ಣ ಕಿಟಕಿಯ ಕಡೆ ತಿರುಗಿದ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಓನರಮ್ಮ ಯಾಕೆ ಮೆತ್ತಗಾಗಿದ್ದರೆಂದು ಆಗ ಹೊಳೆದು ಮೈಯೆಲ್ಲ ಉರಿಯಿತು. ಬಾಡಿಗೆ ಮನೆಯ ಯಜಮಾನಿಗೆ ಹೇಳಿದ್ದನ್ನು ಹೆತ್ತ ಮಗಳಿಗೆ ಹೇಳಬಾರದಿತ್ತೇ?

ಮರುದಿನ ಅಮ್ಮ ಹೋದಳು. ಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪನನ್ನು ಕೇಳಿಯೇಬಿಟ್ಟೆ: "ನಾನೇನು ಈ ಮನೆಯವಳಲ್ವಾ?"

"ನಿನಗೆ ಹೇಳೋದು ಬೇಡ ಅಂತ ನಿಮ್ಮಮ್ಮನೇ ಅಂದ್ಳಮ್ಮ," ಎಂದರು. "ನೀವೆಲ್ಲ ನನ್ನ ಮುಖ ನೋಡಿ ಅಳ್ತೀರ, ಅವಳೊಬ್ಬಳಾದ್ರೂ ನಗಿಸ್ತಾ ಇರ್ಲಿ ಅಂದ್ಳು."

ಇದನ್ನು ಕೇಳಿದ ನೆಂಟರು ಕಣ್ಣೊರೆಸಿಕೊಂಡು, ನೀನು ಪುಣ್ಯವಂತೆ ಎನ್ನುತ್ತಾರೆ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಅಮ್ಮ ತನ್ನ ಭಯವನ್ನು ಮನೆಯವರಿಗೆಲ್ಲ ಹಂಚಿದಳು, ನನಗೆ ಮಾತ್ರ ಕೊಡಲಿಲ್ಲ. ಗೊತ್ತಾಗಿದ್ದರೂ ನಾನು ಅವಳನ್ನು ನಗಿಸುತ್ತಲೇ ಇರುತ್ತಿದ್ದೆ. ಅಷ್ಟು ನಂಬಿಕೆ ಅವಳಿಗೆ ನನ್ನ ಮೇಲೆ ಇರಲಿಲ್ಲ.