ಅಕ್ಕ ಕಟ್ಟಿದ ಕಳೆಗಾಡಿ

ನಾನು ಚಿಕ್ಕವನಿದ್ದಾಗ ದೊಮ್ಮಲೂರಿನ ಹೊಲಗಳಲ್ಲಿ ಜನ ಹಾಡಿಕೊಂಡು, ನಗುನಗುತ್ತ ಕಳೆ ಕೀಳುತ್ತಿದ್ದರೆಂದು ಯಾರಾದರೂ ಹೇಳಿದರೆ, ಮಕ್ಕಳೇ, ಪೂರ್ತಿ ನಂಬಬೇಡಿ. ಹಾಡು ಇತ್ತು, ನಿಜ. ಹಾಡುವವರ ಸೊಂಟವೂ ನೋಯುತ್ತಿತ್ತು, ಬೆರಳ ಸಂದಿಗಳು ಬಿರಿದಿರುತ್ತಿದ್ದವು. ನನ್ನ ಅಕ್ಕನಂತೂ ಹಾಡುತ್ತಲೇ ಇರಲಿಲ್ಲ.

ರಾಗಿ ಪೈರು ಗೇಣುದ್ದ ಬಂದಿತೆಂದರೆ ಅವಳ ಶಾಲೆ ನಿಲ್ಲುತ್ತಿತ್ತು. ಸಾಲುಗಳ ನಡುವೆ ಕುಂಟೆ ಹೊಡೆಯಲು ನಮ್ಮಲ್ಲಿ ಎತ್ತುಗಳಿರಲಿಲ್ಲ, ಅವಳ ಕೈಗಳಿದ್ದವು. ಹಲಸೂರಿನ ಶಾಲೆಯಲ್ಲಿ ಲೆಕ್ಕದ ಪಾಠ ಮುಂದೆ ಸಾಗುತ್ತಿತ್ತು, ಅವಳು ಹೊಲದಲ್ಲಿ ಉಳಿಯುತ್ತಿದ್ದಳು. ಆ ವರ್ಷ ಅವಳು ಹಟ ಮಾಡಿ ಅಪ್ಪನಿಂದ ಮಾತು ಪಡೆದಳು: ಕಳೆ ಮುಗಿದ ಮರುದಿನವೇ ಶಾಲೆ.

ಮಾತು ಸಿಕ್ಕ ಮೇಲೆ ಅಕ್ಕ ಸುಮ್ಮನೆ ಕೂರಲಿಲ್ಲ. ಅಪ್ಪನ ಜೊತೆ ಶಿವಾಜಿನಗರಕ್ಕೆ ಹೋದಾಗ ಗುಜರಿ ಅಂಗಡಿಯವನನ್ನು ಕಾಡಿ, ಮಕ್ಕಳ ಮೂರುಗಾಲಿ ಸೈಕಲ್ಲಿನ ಒಂದು ಚಕ್ರ ತಂದಳು. ಅದರ ಹಿಂದೆ ಪೀಪಾಯಿಯ ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಅಲಗಿನಂತೆ ಕಟ್ಟಿದಳು. ತಳ್ಳಲು ಎರಡು ಬಿದಿರು. ಸಾಲುಗಳ ನಡುವಿನ ಅಂತರವನ್ನು ಗೇಣು ಹಾಕಿ ಅಳೆದು, ಪೈರಿಗೆ ತಾಗದಿರಲೆಂದು ಅಲಗನ್ನು ಎರಡೂ ಬದಿ ಒಂದೊಂದು ಬೆರಳು ಕಿರಿದು ಮಾಡಿದ್ದಳು.

ಹಿಂದಿನ ದಿನ ಮಳೆಯಾಗಿತ್ತು. ಬೆಳಿಗ್ಗೆ ಗಾಡಿಯನ್ನು ಸಾಲಿಗಿಳಿಸಿದ ಕೂಡಲೇ ಹಸಿಮಣ್ಣು ಅಂಟಿ ಚಕ್ರ ತಿರುಗದಾಯಿತು.

"ಏನಮ್ಮಿ, ಸರ್ಕಸ್ಸಿನವರು ಬಿಟ್ಟೋದ ಗಾಡಿನಾ ಇದು?" ಎಂದು ಅಪ್ಪ ನಕ್ಕರು.

"ನಗಪ್ಪ, ನಗು. ಸಂಜೆಗೆ ನೋಡ್ಕೊ!"

ಬಿಸಿಲು ಮೇಲ್ಮಣ್ಣನ್ನು ಒಣಗಿಸುವವರೆಗೆ ಅವಳು ಬದುವಿನ ಮೇಲೆ ತುಟಿ ಕಚ್ಚಿ ಕಾದಳು. ಮತ್ತೆ ತಳ್ಳಿದಾಗ ಅಲಗು ಸರಸರನೆ ಸಾಗಿತು. ಕತ್ತರಿಸಿದ ಹಸಿ ಬೇರುಗಳ ಘಮ ಎದ್ದಿತು. ಅವಳ ಮುಂದೆ ಬುಟ್ಟಿ ಹಿಡಿದು ಅಣ್ಣೆಸೊಪ್ಪು ಕೀಳುತ್ತ ಸಾಗುವುದು ನನ್ನ ಕೆಲಸ. ಕಳೆಯೆಂದರೆ ಬೇಡದ ಗಿಡವೆಂದು ನಿಮ್ಮ ಪುಸ್ತಕ ಹೇಳುತ್ತದೆಯಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ಆ ಬೇಡದ ಗಿಡಗಳಲ್ಲೇ ನಮ್ಮ ರಾತ್ರಿಯ ಮುದ್ದೆಗೆ ಬೆರಕೆಸೊಪ್ಪಿನ ಸಾರು ಇರುತ್ತಿತ್ತು.

ಹೊತ್ತು ಇಳಿಯುವಷ್ಟರಲ್ಲಿ ಹೊಲವೆಲ್ಲ ಬಾಚಣಿಗೆಯಲ್ಲಿ ಬಾಚಿದಂತಿತ್ತು. ಅಪ್ಪ ಸಾಲಿನಿಂದ ಸಾಲಿಗೆ ನಡೆದು ನೋಡಿದರು. ಪಕ್ಕದ ಹೊಲದಲ್ಲಿದ್ದ ದೊಡ್ಡಪ್ಪನನ್ನು ಕೂಗಿ ಕರೆದರು.

"ನೋಡಣ್ಣ, ನನ್ ಮಗಳ ಕೆಲ್ಸ! ನಾಳೆ ನಿನ್ ಹೊಲಕ್ಕೂ ಕಳಿಸ್ತೀನಿ."

"ನಾಳೆ ಸ್ಕೂಲು ಅಂದಿದ್ದೆಯಲ್ಲಪ್ಪ," ಎಂದಳು ಅಕ್ಕ.

"ನಮ್ದು ಮುಗೀತು. ಊರಿನ ಕಳೆ ಮುಗೀತಾ? ಸ್ಕೂಲು ಎಲ್ಲಿಗೂ ಓಡೋಗಲ್ಲ ಕಣಮ್ಮಿ."

ಅಪ್ಪ ಕೆಟ್ಟವರಲ್ಲ. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ಹೆಮ್ಮೆಯೇ ಅಕ್ಕನ ಶಾಲೆಯನ್ನು ನುಂಗಿತು. ಹೊಲದಿಂದ ಹೊಲಕ್ಕೆ ಗಾಡಿ ತಳ್ಳುವುದರಲ್ಲೇ ಆ ಮಳೆಗಾಲ ಕಳೆದುಹೋಯಿತು. ಅವಳು ಶಾಲೆಗೆ ಮರಳಲೇ ಇಲ್ಲ. ಯಂತ್ರ ಬಂದರೆ ಬಿಡುವು ಸಿಗುತ್ತದೆಂದು ನಾನಾಗಿಯೇ ಓದಿಕೊಂಡ ಎಷ್ಟೋ ಪುಸ್ತಕಗಳು ಹೇಳಿದವು. ಯಾರಿಗೆ ಎಂದು ಒಂದೂ ಹೇಳಲಿಲ್ಲ.

ಆ ಹೊಲ ಈಗಿಲ್ಲ. ಅಲ್ಲಿ ಆಫೀಸುಗಳು ನಿಂತಿವೆ. ಜೀವನ್ ಬಿಮಾ ನಗರದ ನಮ್ಮ ತಾರಸಿಯ ಮೇಲೆ ಉದ್ದನೆಯ ತೊಟ್ಟಿಗಳಲ್ಲಿ ರಾಗಿ ಸಾಲು ಬೆಳೆಸಿ, ನನ್ನ ಮೊಮ್ಮಗಳು ಕಳೆ ಕೀಳುವ ರೋಬೋಟ್ ಒಂದನ್ನು ರೂಪಿಸುತ್ತಿದ್ದಾಳೆ. ಪೈರು ಯಾವುದು, ಕಳೆ ಯಾವುದು ಎಂದು ಅದು ಕ್ಯಾಮೆರಾದಿಂದ ನೋಡಿ ಗುರುತಿಸುತ್ತದೆ. ಅಣ್ಣೆಸೊಪ್ಪನ್ನು ಕಳೆಯೆಂದು ಕಲಿಸಬೇಡವೆಂದು ನಾನು ಹಟ ಹಿಡಿದೆ.

"ಮತ್ತೆ ಏನಂತ ಕಲಿಸ್ಲಿ ತಾತ?"

"ಸಾರು ಅಂತ ಕಲ್ಸು."

ಇಂದು ಬೆಳಿಗ್ಗೆ ಅವಳು ಅದನ್ನು ಚಾಲೂ ಮಾಡಿ, ಬ್ಯಾಗು ಹೆಗಲಿಗೇರಿಸಿ, ಶಾಲೆಯ ವ್ಯಾನು ಹತ್ತಿದಳು. ರೋಬೋಟ್ ಗುಂಯ್‌ಗುಡುತ್ತ, ಒಂದೊಂದೇ ಕಳೆ ಕೀಳುತ್ತ ಸಾಗಿತು. ನಾನೊಬ್ಬನೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಕಳೆ ಹೋಗುತ್ತಿತ್ತು, ಹುಡುಗಿ ತರಗತಿಯಲ್ಲಿದ್ದಳು. ನನ್ನ ಅಕ್ಕ ಕೇಳಿದ್ದು ಇಷ್ಟೇ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಅವಳನ್ನು ಕೂರಿಸಿಕೊಂಡು, "ನೋಡಕ್ಕ" ಎನ್ನಬೇಕೆನಿಸಿತು.